ಮೊನ್ನೆ ನಮ್ ಓಣೀಲಿ ಬಂದಿದ್ದು ನಿಜವಾದ ಸುಂಟರಗಾಳೀನಾ?

ನಿಟ್ಟುವಳ್ಳಿಯವ:
ದಾವಣಗೆರೆ ಕಡೆಯೋರು ಗೊತ್ತಿದ್ರೆ ಹೇಳ್ರಿ. ಮೊನ್ನೆ ಸಂಜೆ ಮೋಡ ಕವಿದು ಮೊದ್ಲು ತಣ್ಣಗೆ ಗಾಳಿ ಬೀಸ್ತು, ಆಮೇಲೆ ಐದಾರು ನಿಮಿಷ ಬರೀ ಧೂಳು, ಶೀಟು ಪಟಪಟ ಬಡಿಯೋ ಸದ್ದು ಬಿಟ್ರೆ ಏನೂ ಇಲ್ಲ. ನಮ್ ಸಾಲಲ್ಲಿ ಏಳು ಮನೆ ಶೀಟು ಹಾರಿದಾವೆ, ಹಿಂದಿನ ಸಾಲಲ್ಲಿ ಒಂದು ಮನೆಗೂ ಏನಾಗಿಲ್ಲ. ನಮ್ಮಜ್ಜಿ ಸಂಡಿಗೆ ಎತ್ತಾಕೆ ಅಂತ ಹೊರಗೆ ಹೋಗಿದ್ಲು, ವಾಪಸ್ ಬಂದು ನೋಡಿದ್ರೆ ಶೀಟಿನ ಮೇಲೆ ಹೇರಿದ್ದ ಸೈಜುಗಲ್ಲು ಅವಳ ಮಂಚದ ಮೇಲೆ, ತಲೆದಿಂಬಿನ ಹತ್ರಾನೇ ಬಿದ್ದಿತ್ತು. ಎಲ್ರೂ ಅಮೆರಿಕದಲ್ಲಿ ಬರುತ್ತಲ್ಲ ಆ ಟಾರ್ನೆಡೋನೇ ಅಂತಿದಾರೆ.

ದುರ್ಗದ ಹುಡುಗ:
ಅಜ್ಜಿ ಉಳಿದ್ರಲ್ಲ ಅದೇ ದೊಡ್ಡದು ಅಣ್ಣಾ. ಬಿದ್ದ ಮರ, ಶೀಟು ಯಾವ ದಿಕ್ಕಿಗೆ ಬಿದ್ದಿದಾವೆ ನೋಡು. ಟಾರ್ನೆಡೋ ಮೋಡದಿಂದ ನೆಲದವರೆಗೂ ತಿರುಗ್ತಾ ಹೋಗೋದ್ರಿಂದ ಒಂದು ಮರ ಆ ಕಡೆ, ಇನ್ನೊಂದು ಈ ಕಡೆ ಬಿದ್ದಿರುತ್ತೆ, ಹಾನಿಯಾದ ಜಾಗ ಉದ್ದಕ್ಕೆ ಪಟ್ಟಿ ಎಳೆದಂಗಿರುತ್ತೆ. 1978ರ ಮಾರ್ಚ್ 17ಕ್ಕೆ ಉತ್ತರ ದೆಹಲೀಲಿ ಬಂದಿದ್ದು ಹಂಗೇ, ಅಗಲ ಸುಮಾರು 50 ಮೀಟರ್ ಅಷ್ಟೇ, ಉದ್ದ 5 ಕಿ.ಮೀ., 28 ಜನ ಸತ್ರು. ಅಮೆರಿಕದ ಜಾಪ್ಲಿನ್ ಊರಲ್ಲಿ 2011ರ ಮೇ 22ಕ್ಕೆ ಬಂದಿದ್ದಂತೂ ಒಂದೂವರೆ ಕಿ.ಮೀ. ಅಗಲಕ್ಕೆ ಮನೆಗಳನ್ನೇ ಒರೆಸಿ ಹಾಕ್ತು, 150ಕ್ಕೂ ಜಾಸ್ತಿ ಜನ ಹೋದ್ರು. ಗಾಳಿ ವೇಗಾನ ಯಾರೂ ಅಲ್ಲಿ ನಿಂತು ಅಳೆಯಲ್ಲ, ಯಾವ ಥರದ ಕಟ್ಟಡ ಎಷ್ಟು ಕಿತ್ತೋಗಿದೆ ನೋಡಿ ಇಎಫ್ ಅನ್ನೋ ಟಾರ್ನೆಡೋ ಜೋರಿನ ಅಳತೇಲಿ 0ಯಿಂದ 5ರವರೆಗೆ ನಂಬರ್ ಕೊಡ್ತಾರೆ. ಬೇಸಿಗೇಲಿ ಚಳ್ಳಕೆರೆ ಕಡೆ ಹೊಲದಾಗೆ ಧೂಳು ಸುತ್ಕೊಂಡು ಏಳುತ್ತಲ್ಲ, ಅದು ಬೇರೆ, ಅದು ಕಾದ ನೆಲದಿಂದ ಏಳೋದು, ಮೋಡಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಟ್ಟುವಳ್ಳಿಯವ:
ಈಗ ಹೋಗಿ ನೋಡ್ಕೊಂಡು ಬಂದೆ. ಬೇವಿನ ಮರ, ಎರಡು ಕಂಬ, ಶೀಟು ಎಲ್ಲಾ ಪೂರ್ವಕ್ಕೇ ಬಿದ್ದಿದಾವೆ.

ದುರ್ಗದ ಹುಡುಗ:
ಹಂಗಾದ್ರೆ ಇದು ಮೋಡದಿಂದ ಧುಮುಕಿ ನೆಲಕ್ಕೆ ಬಡಿದು ಹರಡೋ ಗಾಳಿ, ಡೌನ್‌ಬರ್ಸ್ಟ್ ಅಂತಾರೆ, ತಿರುಗಲ್ಲ, ಒಂದು ಓಣೀಲಿ ಎಲ್ಲಾನೂ ಒಂದೇ ಕಡೆ ದೂಡುತ್ತೆ. ಮಳೆ ಹನಿ ಕೆಳಗೆ ಬರ್ತಾ ಆರಿ ಗಾಳಿ ತಣ್ಣಗಾಗಿ ಭಾರ ಆಗುತ್ತೆ, ನಿಂಗೆ ಮೊದ್ಲು ತಣ್ಣಗೆ ಬಡಿದಿದ್ದು ಅದೇ. ಹಿಂದಿನ ಸಾಲು ಮೋಲ್ಡಿನ ಮನೆಗಳಾ?

ನಿಟ್ಟುವಳ್ಳಿಯವ:
ಹೌದು, ಎಲ್ಲಾ ಮೋಲ್ಡ್, ಹಾರೋಕೆ ಶೀಟೇ ಇಲ್ಲ.

ವೆಲ್ಡಿಂಗ್ ಅಂಗಡಿ:
ನಾನು ಇಪ್ಪತ್ತು ವರ್ಷದಿಂದ ಶೀಟು ಹೊಡೀತಿದೀನಿ, ದಯವಿಟ್ಟು ಕಲ್ಲು ಹೇರ್ಬೇಡ್ರಿ. ಗಾಳಿ ಶೀಟಿನ ಮೇಲೆ ಹಾದು ಹೋಗ್ತಾ ಅದನ್ನ ಮೇಲಕ್ಕೆ ಸೆಳೆಯುತ್ತೆ, ಬಾಗಿಲಿಂದ ಒಳಗೆ ನುಗ್ಗಿದ ಗಾಳಿ ಕೆಳಗಿಂದ ದೂಡುತ್ತೆ, ಮೊದ್ಲು ಏಳೋದು ಅಂಚು, ಶೀಟು ಎದ್ದ ಮೇಲೆ ಕಲ್ಲು ಬರೋದು ಒಳಗಿರೋರ ತಲೆ ಮೇಲೇನೇ. ಶೀಟನ್ನ ಕೆಳಗಿನ ಪೈಪಿಗೆ ಕೊಕ್ಕೆ ಥರ ಹಿಡಿಯೋ ಜೆ ಬೋಲ್ಟ್ ಹಾಕಿಸ್ರಿ, ಅಂಚಿನ ಕಡೆ ಹತ್ತತ್ರ ಹಾಕಿಸ್ರಿ, ಆ ಪೈಪನ್ನ ಗೋಡೆಗೆ ಕಾಂಕ್ರೀಟಲ್ಲಿ ಕೂರಿಸಿರ್ಬೇಕು. ಕ್ಲೀನ್ ಮಾಡೋಕೆ ಮುಂಚೆ ಫೋಟೋ ತಗೊಂಡು ತಾಲ್ಲೂಕು ಆಫೀಸಿಗೆ ಅರ್ಜಿ ಕೊಡ್ರಿ. ಕಂಬ ಬಿದ್ದಿರೋ ಕಡೆ ವೈರ್ ಮುಟ್ಬೇಡ್ರಿ, ಬೆಸ್ಕಾಂ 1912ಕ್ಕೆ ಫೋನ್ ಹಚ್ರಿ.

ನಿಟ್ಟುವಳ್ಳಿಯವ:
ಓಣಿ ಹುಡುಗ್ರು ಸೇರ್ಕೊಂಡು ಉಳಿದ ಮನೆಗಳ ಮೇಲಿನ ಕಲ್ಲೆಲ್ಲಾ ಇಳಿಸಿದ್ವಿ, ಮೂವತ್ತೆಂಟಿದ್ವು. ಅಜ್ಜಿ ಮಂಚಾನ ಹಿಂದಿನ ಸಾಲಿನ ಅತ್ತೆ ಮನೇಲಿ ಹಾಕಿದೀವಿ, ಬೋಲ್ಟ್ ಹಾಕೋವರೆಗೂ ಅಲ್ಲೇ ಮಲಗ್ತಾಳೆ.