ಪದಚರ್ಚೆ: ಕೊಲೆ ಕೇಸಿನ ಮೇಲ್ಮನವಿಯಲ್ಲಿ ‘ಸಂಶಯಾತೀತ’ (ತುರ್ತು)

ಎಲ್ಲರಿಗೂ ನಮಸ್ಕಾರ.

ಕೊಲೆ ಕೇಸಿನಲ್ಲಿ ಶಿಕ್ಷೆಯಾದವರ ಮನೆಯವರಿಗೆ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗೋದು ಹೇಗೆ ಅನ್ನೋದು ವಿಷಯ. 60 ದಿನದ ಗಡುವು, ಗಲ್ಲು ಶಿಕ್ಷೆಯಾದರೆ 30 ದಿನ, ಇದೆಲ್ಲ ಬರೆದಾಯ್ತು. ಸಿಕ್ಕಿಕೊಂಡಿರುವುದು ಈ ಸಾಲಿನಲ್ಲಿ: ‘ಆರೋಪ ಸಂಶಯಾತೀತವಾಗಿ ಸಾಬೀತಾಗಿರಬೇಕು.’ ಒಬ್ಬ ತಾಯಿಗೆ ಓದಿ ಹೇಳಿದೆ. ‘ಸಂಶಯ ಅತಿಯಾಗಿದೆ ಅಂತಾನಾ?’ ಅಂತ ಕೇಳಿದರು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬೇರೆ ಪದ ಇದೆಯೇ?

ಉತ್ತರ:

‘ಸಂಶಯಾತೀತ’ಕ್ಕೆ ಏನಾಗಿದೆ? ಪತ್ರಿಕೆಗಳೆಲ್ಲ ಅದನ್ನೇ ಬರೆಯುತ್ತವೆ. ತೆಗೆಯಬೇಕಾದದ್ದು ‘ಸಾಬೀತು’. ಅದು ಅರಬ್ಬಿ. ‘ರುಜುವಾತು’ ಹಾಕಿ. ಋಜು ಅಂದರೆ ನೆಟ್ಟಗಿರುವುದು. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಉತ್ತರ:

> ಋಜು ಅಂದರೆ ನೆಟ್ಟಗಿರುವುದು

ಅಲ್ಲ. ರುಜುವಾತು ಕೂಡ ಅರಬ್ಬಿಯದೇ, ಮರಾಠಿ ದಾರಿಯಲ್ಲಿ ಬಂದದ್ದು. ಒಂದನ್ನು ಹೊರಗೆ ಹಾಕಿ ಅದರ ತಮ್ಮನನ್ನು ಒಳಗೆ ಕರೆದಿದ್ದೀರಿ. ಆಮೇಲೆ ವಕೀಲ, ಜಾಮೀನು, ಖುಲಾಸೆ, ಅರ್ಜಿ ಎಲ್ಲವನ್ನೂ ಕಳಿಸಿಬಿಡಿ. ಕೋರ್ಟಿನಲ್ಲಿ ಬರೀ ಕುರ್ಚಿ ಉಳಿಯುತ್ತೆ. ಅಯ್ಯೋ, ಕುರ್ಚಿಯೂ ಹೋಯ್ತು.

ಉತ್ತರ:

ಜಗಳ ಆಮೇಲೆ ಆಡೋಣ. ನಾನು ಕ್ರಿಮಿನಲ್ ಕೇಸು ನಡೆಸುವವನು. ‘ಸಂಶಯಾತೀತ’ದ ತೊಂದರೆ ಕಷ್ಟದ ಪದ ಅನ್ನೋದಲ್ಲ, ತಪ್ಪು ಅನ್ನೋದು. ಎಲ್ಲ ಸಂಶಯವನ್ನೂ ದಾಟಿರಬೇಕು ಅಂತ ಅದು ಹೇಳುತ್ತದೆ. ಯಾವ ಕೋರ್ಟೂ ಅಷ್ಟು ಕೇಳುವುದಿಲ್ಲ. ಕಾರಣವಿರುವ ಸಂಶಯ ಉಳಿಯಬಾರದು, ಅಷ್ಟೇ. ‘ಯಾರೋ ಬಂದು ಹೋಗಿರಬಹುದಲ್ಲ’ ಅಂತ ಸುಮ್ನೆ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಸಾಕ್ಷಿ ಹೇಳಿದ ಹೊತ್ತಿಗೂ ವೈದ್ಯರು ಹೇಳಿದ ಹೊತ್ತಿಗೂ ತಾಳೆಯಾಗದಿದ್ದರೆ, ಆ ಸಂಶಯಕ್ಕೆ ಕಾಲು ಇದೆ.

ಇನ್ನೊಂದು ಮಾತು. ಇದರ ಮೂಲವಾದ ‘ಬಿಯಾಂಡ್ ರೀಸನಬಲ್ ಡೌಟ್’ ಅನ್ನೋ ಇಂಗ್ಲಿಷ್ ಪದಗುಚ್ಛ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇರಲೇ ಇಲ್ಲ. ವಿವೇಕಿಯಾದವನು ಇದು ನಿಜ ಅಂತ ನಂಬಿ ನಡೆಯುವಷ್ಟು ಇದೆಯೇ ಅಂತ ಮಾತ್ರ ಅದು ಕೇಳುತ್ತಿತ್ತು. ಮಿಕ್ಕದ್ದು ತೀರ್ಪುಗಳಿಂದ ಬಂದದ್ದು. ಕಣ್ಣಾರೆ ಕಂಡವರಿಲ್ಲದ ಕೇಸುಗಳಿಗೆ ಸುಪ್ರೀಂ ಕೋರ್ಟಿನ 1984ರ ಶರದ್ ಸಾರ್ಡಾ ತೀರ್ಪು ದೊಡ್ಡದು. ‘ಮಾಡಿರಬಹುದು’ ಸಾಲದು, ‘ಮಾಡಿರಲೇಬೇಕು’ ಅನ್ನುವಂತಿರಬೇಕು ಅನ್ನೋದು ಅದರ ತಿರುಳು. ಕನ್ನಡದ ಕ್ರಿಯಾಪದದಲ್ಲೇ ಇದು ಸಿದ್ಧವಾಗಿ ಕೂತಿದೆ. ನಾವು ಸಮಾಸ ಹುಡುಕುತ್ತಿದ್ದೇವೆ!

ನನ್ನ ಸಲಹೆ: ‘ಸರಿಯಾದ ಕಾರಣವಿರುವ ಅನುಮಾನ ಉಳಿಯದಂತೆ.’

ಉತ್ತರ:

‘ಅನುಮಾನ’ ಬೇಡವೇ ಬೇಡ. ತರ್ಕಶಾಸ್ತ್ರದಲ್ಲಿ ಅದು ಪ್ರಮಾಣ, ಅಂದರೆ ನಿಜವನ್ನು ತಿಳಿಯುವ ದಾರಿ. ಹೊಗೆ ಕಂಡು ಬೆಂಕಿ ಇದೆ ಅನ್ನೋದು ಅನುಮಾನ. ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಸಿಗುವ ಸಾಂದರ್ಭಿಕ ಸಾಕ್ಷ್ಯ ನಿಂತಿರುವುದೇ ಅದರ ಮೇಲೆ. ಶಿಕ್ಷೆಗೆ ಆಧಾರವಾದದ್ದನ್ನೇ ಬಿಡುಗಡೆಗೆ ಕಾರಣ ಮಾಡುತ್ತೀರಾ? ‘ಸಂದೇಹ’ ಅನ್ನಿ.

ಉತ್ತರ:

ಕರಪತ್ರ ಓದುವವರು ಹೊಗೆ ಕಂಡರೆ ಬೆಂಕಿ ಆರಿಸಲು ಓಡುತ್ತಾರೆ, ಪ್ರಮಾಣ ಎಣಿಸುವುದಿಲ್ಲ ಸ್ವಾಮಿ. ಕನ್ನಡದಲ್ಲಿ ಅನುಮಾನ ಅಂದರೆ ಡೌಟು. ಸಾಲ ತಂದ ಪದ ತಂದವರ ಮನೆಯಲ್ಲಿ ಬೇರೆ ಅರ್ಥ ಪಡೆಯುತ್ತೆ. ಸಂಸ್ಕೃತದ್ದಾದರೂ ಅಷ್ಟೇ, ಅರಬ್ಬಿಯದಾದರೂ ಅಷ್ಟೇ.

ಉತ್ತರ:

> ಡೌಟು

ಇದಕ್ಕೆ ಉತ್ತರಿಸುವುದಿಲ್ಲ.

ಉತ್ತರ:

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸಿದೆ: ‘ಇವರೇ ಕೊಲೆ ಮಾಡಿರಬಹುದು ಎಂದರೆ ಸಾಲದು. ಸರಿಯಾದ ಕಾರಣವಿರುವ ಅನುಮಾನ ಒಂದೂ ಉಳಿಯದಂತೆ ಸಾಬೀತಾಗಿರಬೇಕು. ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತಾನೇ ತೂಗಿ ನೋಡುತ್ತದೆ.’ ‘ಸಾಬೀತು’ ಹಾಗೇ ಇದೆ, ಕ್ಷಮಿಸಿ.

ಅದೇ ತಾಯಿಗೆ ಫೋನಿನಲ್ಲಿ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದ್ರೆ ಅವನು ಮಾಡಿಲ್ಲ ಅಂತ ನಾವು ಸಾಬೀತು ಮಾಡ್ಬೇಕಾಗಿಲ್ವಾ?’ ಅಂದರು. ಇಲ್ಲಮ್ಮ, ಆ ಹೊಣೆ ಸರ್ಕಾರದ ಕಡೆಯವರದು ಅಂದೆ. ಪ್ರೆಸ್ಸಿಗೆ ಮತ್ತೆ ಫೋನ್ ಮಾಡಿ ಆ ಸಾಲನ್ನೂ ಸೇರಿಸಿದ್ದೇನೆ.