ಮಗಳು ಡಬ್ಬಿ ಅರ್ಧಾ ಹಂಗ ವಾಪಸ್ ತರ್ತಾಳ, ಸಾಲಿಗಿ ಏನ್ ಕಟ್ಟಿ ಕೊಡ್ಲಿ?

ವಿಜಯಪುರದ ತಾಯಿ:
ಎಲ್ಲಾರ್ಗೂ ನಮಸ್ಕಾರ್ರಿ. ನನ್ನ ಮಗಳು 9ನೇ ಕ್ಲಾಸ್ ಅದಾಳ. ಮುಂಜಾನೆ ಏಳೂವರಿಗಿ ವ್ಯಾನ್ ಬರ್ತದ, ಬರೇ ಚಹಾ ಬಿಸ್ಕಿಟ್ ತಗೊಂಡು ಓಡ್ತಾಳ, ಮಧ್ಯಾಹ್ನಕ್ಕ ರೊಟ್ಟಿ ಪಲ್ಯ ಕಟ್ಟಿದ್ರ ಅರ್ಧಾ ಹಂಗ ವಾಪಸ್ ಬರ್ತದ, ಕೇಳಿದ್ರ ಕಡಕ್ ರೊಟ್ಟಿ ಕಟಂ ಕಟಂ ಸಪ್ಪಳಾಗ್ತದ ಎಲ್ಲಾರೂ ನೋಡ್ತಾರ ಅಂತಾಳ. ಸಂಜಿಕಿ ಟ್ಯೂಷನ್ ಬಿಟ್ಟ ಮ್ಯಾಲೆ ಪಾನಿಪೂರಿ ಇಲ್ಲಾ ಚಿಪ್ಸ್ ಪ್ಯಾಕೆಟ್. ದಿನಾ ತಲಿನೋವು, ಸುಸ್ತು, ಮಧ್ಯಾಹ್ನದ ಪಿರಿಯಡ್‌ದಾಗ ನಿದ್ದಿ. ನಾನೂ ಕೆಲಸಕ್ಕ ಹೋಗ್ತೀನ್ರಿ, ದಿನಾ ಹೊಸಾದು ಮಾಡಾಕ ವೇಳೆ ಸಿಗಂಗಿಲ್ಲ. ಹಾಲಿಗಿ ಹಾಕೋ ಪೌಡರ್ ಕೊಡ್ರಿ ಅಂತ ಬಾಜೂ ಮನಿಯವ್ರು ಹೇಳ್ತಾರ, ಕೊಡಬೇಕೇನ್ರಿ?

ಬಾಗಲಕೋಟಿ ಟೀಚರ್:
ಅಕ್ಕಾರ, ಪೌಡರ್ ಆಮ್ಯಾಲೆ ನೋಡೋಣ, ಮೊದಲ ಹಿಮೋಗ್ಲೋಬಿನ್ ಚೆಕ್ ಮಾಡಿಸ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ 15ರಿಂದ 19 ವಯಸ್ಸಿನ ಹುಡುಗ್ಯಾರೊಳಗ 100ಕ್ಕ 59 ಮಂದಿಗಿ ರಕ್ತ ಕಮ್ಮಿ. 13-15 ವಯಸ್ಸಿನ ಹುಡುಗಿಗಿ ದಿನಕ್ಕ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳ್ತೈತಿ, ಅದ ವಯಸ್ಸಿನ ಹುಡುಗಗ 22 ಸಾಕು. ಮುಟ್ಟು ಶುರುವಾದ ಮ್ಯಾಲೆ ಹುಡುಗ್ಯಾರಿಗಿ ಹೆಚ್ಚಿಗಿ ಬೇಕಾಗ್ತೈತ್ರಿ. ಚಹಾದಾಗಿನ ಟ್ಯಾನಿನ್ ಕಬ್ಬಿಣಾಂಶ ಮೈಗಿ ಹತ್ತಾಕ ಬಿಡಂಗಿಲ್ಲ, ಅದಕ್ಕ ತಿನ್ನೋಕ್ಕಿಂತ ಒಂದ್ ತಾಸು ಮೊದಲ, ತಿಂದ ಮ್ಯಾಲೆ ಒಂದ್ ತಾಸು ಚಹಾ ಬ್ಯಾಡ. ಕಾಳಿನ ಪಲ್ಯದ ಮ್ಯಾಲೆ ಲಿಂಬಿ ಹಿಂಡ್ರಿ, ಇಂಡಿ ಲಿಂಬಿ ನಿಮ್ಮ ಜಿಲ್ಲೇದ ಐತಲ್ರಿ, ಅದರಾಗಿನ ವಿಟಮಿನ್ ಸಿ ಕಬ್ಬಿಣಾಂಶ ಹೀರ್ಕೊಳ್ಳಾಕ ಭಾಳ ಅನುಕೂಲ. ಸರ್ಕಾರಿ, ಅನುದಾನಿತ ಸಾಲ್ಯಾಗ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಗುಳಿಗಿ ಕೊಡ್ತಾರ. ಹುಡುಗ್ಯಾರು ಅದನ್ನ ಖಾಲಿ ಹೊಟ್ಟಿಲೆ ನುಂಗಿ ವಾಂತಿ ಬಂದಂಗ ಆಗ್ತೈತಿ ಅಂತ ಬಿಟ್ಟ ಬಿಡ್ತಾರ, ಉಂಡ ಮ್ಯಾಲೆ ತಗೋಬೇಕು.

ಗೋಕಾಕದ ಅಕ್ಕ:
ತಂಗೀ, ರೊಟ್ಟಿ ಸಪ್ಪಳಾ ಆದ್ರ ದಪಾಟಿ ಮಾಡು. ಜೋಳದ ಹಿಟ್ಟಿಗಿ ಒಂದೀಟು ಕಡ್ಲಿಹಿಟ್ಟು, ಹೆಚ್ಚಿದ ಮೆಂತೆಪಲ್ಯ, ಉಳ್ಳಾಗಡ್ಡಿ, ಬಿಳಿ ಎಳ್ಳು ಹಾಕಿ ನಾದಿ ತೊಯ್ಸಿದ ಅರಿವಿ ಮ್ಯಾಲೆ ತೆಳ್ಳಗ ತಟ್ಟು, ಹಂಚಿನ ಮ್ಯಾಲೆ ಬೋರಲ ಹಾಕಿ ಅರಿವಿ ತಗಿ, ನಡುವ ಬಳ್ಳಿಲೆ ತೂತು ಮಾಡಿ ಅದರಾಗ ಒಂದ್ ಹನಿ ಎಣ್ಣಿ ಬಿಡು. ಸಂಜಿತನಕ ಮೆತ್ತಗ ಇರ್ತೈತಿ. ಕೆನಿಮೊಸರಿನಾಗ ಶೇಂಗಾ ಹಿಂಡಿ ಕಲಸಿ ಸವರಿ ಸುರುಳಿ ಸುತ್ತಿ ಕೊಡು, ಪಲ್ಯದ ಡಬ್ಬಿನ ಬೇಕಾಗಂಗಿಲ್ಲ. ಮುಂಜಾನೆ ಬಿಸ್ಕಿಟ್ ಬದ್ಲಿ ಒಂದ್ ಕುದಿಸಿದ ತತ್ತಿ, ತಿನ್ನಂಗಿಲ್ಲಾಂದ್ರ ಒಂದ್ ಹಿಡಿ ಹುರದ ಶೇಂಗಾ ಬೆಲ್ಲ. 30 ಗ್ರಾಂ ಶೇಂಗಾದಾಗ 7 ಗ್ರಾಂ ಸುಮಾರು ಪ್ರೋಟೀನ್ ಐತಿ. ಆ ಪೌಡರ್ ಡಬ್ಬಿ ಹಿಂದ ಸಕ್ಕರಿ ಎಷ್ಟ ಐತಿ ಅಂತ ಬರದಿರ್ತಾರ, ಓದಿ ನೋಡು, ನಾ ಅಂತೂ ತರಬ್ಯಾಡ ಅಂತೀನಿ.

ಪಿಯುಸಿ ಹುಡುಗಿ, ಬೆಳಗಾವಿ:
ಆಂಟಿ, ನಂದೊಂದು ಮಾತು. ಡಬ್ಬಿ ಉಳಿಯೋದಕ್ಕ ವೇಳೆನೂ ಕಾರಣ ಇರ್ತೈತ್ರಿ, ಬೆಲ್ ಹೊಡದ ಮ್ಯಾಲೆ ನಳದ ಮುಂದ ಪಾಳಿ ಹಚ್ಚಿ ಕೈ ತೊಕೊಂಡು ಬರೋದ್ರಾಗ ಅರ್ಧಾ ವೇಳೆ ಹೋಗಿರ್ತೈತಿ. ಇನ್ನೊಂದು, ಆಕಿ ಸಾಲ್ಯಾಗ ನೀರು ಕುಡಿತಾಳೋ ಇಲ್ಲೋ ಕೇಳ್ರಿ. ನಾವ್ ಹೈಸ್ಕೂಲಿನ್ಯಾಗ ಟಾಯ್ಲೆಟ್ ಗಲೀಜು ಇರ್ತೈತಿ ಅಂತ ಮುಂಜಾನಿಂದ ನೀರ ಮುಟ್ಟತಿರಲಿಲ್ಲ, ಮೂರ್ ಗಂಟೆಕ್ಕ ತಲಿ ಸಿಡಿತಿತ್ತು. ಈ ಮಾತು ಹುಡುಗ್ಯಾರು ಮನ್ಯಾಗ ತಾವಾಗೇ ಹೇಳಂಗಿಲ್ರಿ.

ವಿಜಯಪುರದ ತಾಯಿ:
ಆಕಿನ್ನ ಕೇಳಿದೆ ತಂಗೀ, ನೀ ಹೇಳಿದ್ದ ಖರೇ ಅದ, ಬಾಟಲಿ ತುಂಬಿದ್ದು ತುಂಬಿದಂಗ ಬರ್ತದ, ನಾನು ಹೆಚ್ಚಿಂದು ಉಳದದ ಅಂತ ತಿಳ್ಕೊಂಡಿದ್ದೆ. ಟಾಯ್ಲೆಟ್ ವಿಷಯ ಪಾಲಕರ ಸಭಾದಾಗ ಎತ್ತತೀನಿ, ಇನ್ನ ಇಬ್ಬರು ತಾಯಂದಿರೂ ಜತಿಗಿ ಬರ್ತೀವಂದಾರ. ಟೀಚರ್, ಸಾಲಿ ಗೇಟ್ ಮುಂದ ಚಿಪ್ಸ್ ಮಾರೋದ್ರ ಬಗ್ಗೆ ಏನರ ರೂಲ್ಸ್ ಅದಾವೇನ್ರಿ?

ಬಾಗಲಕೋಟಿ ಟೀಚರ್:
ಅದಾವ್ರಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಾಗ ನಿಯಮ ತಂದೈತಿ, ಕೊಬ್ಬು, ಉಪ್ಪು, ಸಕ್ಕರಿ ಹೆಚ್ಚಿರೋ ತಿನಿಸು ಸಾಲ್ಯಾಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಂಗಿಲ್ಲ. ಸಭಾದಾಗ ಇದನ್ನೂ ಬರದ ಕೊಡ್ರಿ, ಬರೇ ಬಾಯಿಲೆ ಹೇಳಿದ್ರ ಹಂಗ ಉಳಿತೈತಿ.