ಸಹಾಯ ಬೇಕು: ತಮ್ಮನ ಡಿಆರ್‌ಡಿಒ ಕೆಲಸ, ಪೊಲೀಸ್ ವೆರಿಫಿಕೇಶನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಐಟಿಐ ಓದಿದ ನನ್ನ ತಮ್ಮ ಡಿಆರ್‌ಡಿಒ ಟೆಕ್ನೀಷಿಯನ್-ಎ ಹುದ್ದೆಗೆ ಆಯ್ಕೆಯಾಗಿದ್ದಾನೆ. ಮನೆಯಲ್ಲಿ ಎಲ್ಲರಿಗೂ ತುಂಬಾ ಖುಷಿ. ಆದರೆ ಈಗ ಅಟೆಸ್ಟೇಶನ್ ಫಾರ್ಮ್ (ಪೊಲೀಸ್ ವೆರಿಫಿಕೇಶನ್‌ಗಾಗಿ ತನ್ನ ವಿವರ ಬರೆದುಕೊಡುವ ಫಾರ್ಮ್) ತುಂಬಬೇಕು, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ.

ಕಳೆದ 5 ವರ್ಷದಲ್ಲಿ 1 ವರ್ಷಕ್ಕಿಂತ ಜಾಸ್ತಿ ಇದ್ದ ಊರೆಲ್ಲ ಬರೆಯಬೇಕಂತೆ. ಅವನು ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡಿದ್ದ, ಬಾಡಿಗೆ ಕರಾರು ಪತ್ರ ಇಲ್ಲ. ಅದು ದೊಡ್ಡದಲ್ಲ ಬಿಡಿ.

ನಿಜವಾದ ಚಿಂತೆ ಬೇರೆ. 2019ರಲ್ಲಿ ಅಡಿಕೆ ತೋಟದ ಬೇಲಿ ವಿಷಯಕ್ಕೆ ಪಕ್ಕದವರ ಜೊತೆ ಜಗಳವಾಗಿ, ಅಪ್ಪನ ಜೊತೆ ಇವನ ಹೆಸರೂ ಎಫ್‌ಐಆರ್‌ಗೆ ಸೇರಿತ್ತು. ಆಮೇಲೆ ಪೊಲೀಸರು ಬಿ ರಿಪೋರ್ಟ್ (ಕೇಸು ಮುಕ್ತಾಯ ಮಾಡುವ ವರದಿ) ಹಾಕಿದರು, ಕೋರ್ಟ್ ಒಪ್ಪಿಕೊಂಡಿತು, ಅಲ್ಲಿಗೆ ಮುಗಿಯಿತು. "ಮುಗಿದ ಕೇಸು, ಸುಮ್ನೆ ಯಾಕೆ ಬರೆಯೋದು" ಅನ್ನುತ್ತಾರೆ ಮಾವ. ನನಗೆ ಮುಚ್ಚಿಡುವುದು ಸರಿ ಅನ್ನಿಸುತ್ತಿಲ್ಲ. ಮಾಹಿತಿ ಮರೆಮಾಚಿದರೆ ಕೆಲಸ ಹೋಗಬಹುದು ಎಂದು ಫಾರ್ಮ್ ಮೇಲೇ ಎಚ್ಚರಿಕೆ ಇದೆ, 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು ಎಂದೇ ಹೇಳಿದೆ, ಅಲ್ವಾ?

ರಕ್ಷಣಾ ಇಲಾಖೆ, ಇಸ್ರೋ, ಕೈಗಾದಂಥ ಕಡೆ ಸೇರಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಇಂಥ ಕೇಸನ್ನು ಯಾವ ಕಾಲಂನಲ್ಲಿ, ಹೇಗೆ ಬರೆದಿರಿ? ಬಿ ರಿಪೋರ್ಟ್ ಮತ್ತು ಕೋರ್ಟ್ ಆದೇಶದ ದೃಢೀಕೃತ ನಕಲು ಸಿಗಲು ಎಷ್ಟು ದಿನ ಬೇಕಾಯಿತು? ಶಿವಮೊಗ್ಗದಲ್ಲಿ ಇದನ್ನು ತಿಳಿದ ವಕೀಲರು ಇದ್ದರೆ ಮೆಸೇಜ್ ಮಾಡಿ. ಫಾರ್ಮ್ ಕೊಡಲು 10 ದಿನ ಮಾತ್ರ ಇದೆ.